ಕಂದು ಮನೆ, ಬಣ್ಣದ ಅಂಗಳ

ಪ್ರಶ್ನೆ: 1939ರ ‘ದಿ ವಿಝರ್ಡ್ ಆಫ್ ಆಝ್’ ಸಿನಿಮಾದಲ್ಲಿ ಡೊರೊತಿ ಬಾಗಿಲು ತೆಗೆಯುತ್ತಲೇ ಕಂದು ಚಿತ್ರ ಬಣ್ಣಕ್ಕೆ ತಿರುಗುತ್ತದಲ್ಲ, ಹೇಗೆ? ಆ ಸುಂಟರಗಾಳಿಯನ್ನು ನಮ್ಮ ಶಾಲೆಯ ನಾಟಕದಲ್ಲಿ ತೋರಿಸಬಹುದೇ?
– ಓದುಗರು, ಜಮಖಂಡಿ

ಉತ್ತರ: ಆ ಶಾಟ್ ಪೂರ್ತಿ ಕಲರ್ ಫಿಲ್ಮಿನದೇ. ಮನೆಯ ಒಳಭಾಗಕ್ಕೆ ಕಂದು ಬಣ್ಣ ಬಳಿದಿದ್ದರು. ಬಾಗಿಲು ತೆಗೆಯುವಾಗ ಬೆನ್ನು ಕಾಣುವವಳು ಡೊರೊತಿ ಪಾತ್ರದ ನಟಿ ಜೂಡಿ ಗಾರ್ಲಂಡ್ ಅಲ್ಲ, ಕಂದು ಉಡುಪಿನ ಡೂಪ್. ಆಕೆ ಪಕ್ಕಕ್ಕೆ ಸರಿದ ಮೇಲೆ ನೀಲಿ ಚೌಕಡಿ ಉಡುಪಿನ ಜೂಡಿ ಹೊರಗೆ ಹೆಜ್ಜೆ ಇಡುತ್ತಾಳೆ. ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುವ ಗಳಿಗೆ ಅದು.

ಸುಂಟರಗಾಳಿ ಸುಮಾರು 35 ಅಡಿಯ ಮಸ್ಲಿನ್ ಬಟ್ಟೆಯ ಕೊಳವೆ. ಮೊದಲು ರಬ್ಬರಿನದು ಮಾಡಿದ್ದರು, ಅದು ತಿರುಚಿಕೊಳ್ಳಲೇ ಇಲ್ಲ. ಬಟ್ಟೆ ಬಳುಕಿತು. ಮೇಲ್ತುದಿ ಚಲಿಸುವ ಕ್ರೇನಿಗೆ, ಬುಡ ಅಂಕುಡೊಂಕಾಗಿ ಓಡುವ ಗಾಡಿಗೆ. ಧೂಳಿಗೆ ಬಳಸಿದ್ದು ನಮ್ಮ ಮುಲ್ತಾನಿ ಮಿಟ್ಟಿಯಂಥದೇ ಮಣ್ಣು.

ನಿಮಗೆ 8 ಅಡಿಯ ತೆಳು ಮಲ್ ಬಟ್ಟೆ ಸಾಕು. ಮೇಲೆ 3 ಅಡಿ ಅಗಲದ ತಂತಿ ಬಳೆ, ಕೆಳಗೆ ಅರ್ಧ ಅಡಿಯದು. ಎರಡೂ ತುದಿ ಬಿಗಿದು ಕಟ್ಟಿದರೆ ಬರೀ ಚೀಲ ನೇತುಹಾಕಿದಂತೆ ಕಾಣುತ್ತದೆ. ಬುಡವನ್ನು ಒಬ್ಬರು ಕೋಲಿನಿಂದ ಬೇರೆಯೇ ಎಳೆದಾಡಿಸಬೇಕು. ಬೆಳಕು ಪಕ್ಕದಿಂದ ಬರಲಿ. ಮಣ್ಣು ಮಾತ್ರ ಎರಚಬೇಡಿ, ಮಕ್ಕಳ ಕಣ್ಣಿಗೆ ಹೋಗುತ್ತದೆ.