ಸಂಪಾದಕರ ಉತ್ತರ: ಸತ್ತೋರಿಗೂ ಸಂಗೀತ ಬರ್ತಿತ್ತು

ನಮಸ್ಕಾರ ಮೇಡಂ,

ಹೆಸರು ಹಾಕ್ಬೇಡಿ ಅಂದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗೂ ಗೊತ್ತಾಗ್ಲಿ ಅಂತ ನಿಮ್ಮ ಪತ್ರದಲ್ಲಿ ಏನಿದೆ ಅಂತ ಮೊದ್ಲು ಹೇಳ್ಬಿಡ್ತೀನಿ. ನಿಮಗೆ ವಾಟ್ಸಾಪಲ್ಲಿ ಒಂದು ವಿಡಿಯೋ ಬಂತು, ನೂರು ದಾಟಿದ ಆಲಿಸ್ ಹರ್ಟ್ಸ್-ಸೊಮರ್ ಅನ್ನೋ ಅಜ್ಜಿ ಲಂಡನ್ನಿನ ಪುಟ್ಟ ಫ್ಲಾಟಲ್ಲಿ ನಗ್ತಾ ಪಿಯಾನೋ ನುಡಿಸ್ತಾರೆ, ಕೆಳಗೆ ಯಾರೋ ‘ಸಂಗೀತವೇ ಈಕೆಯನ್ನು ನಾಜಿಗಳಿಂದ ಕಾಪಾಡಿತು’ ಅಂತ ಬರ್ದಿದ್ದಾರೆ. ಈ ಅಜ್ಜಿ ಯಹೂದಿ, ಹಿಟ್ಲರನ ನಾಜಿಗಳು ಯಹೂದಿಗಳನ್ನ ಕೂಡಿಹಾಕಿದ್ದ ಕ್ಯಾಂಪಲ್ಲಿದ್ದು, ಅಲ್ಲೂ ಕಚೇರಿ ಕೊಟ್ಟು, ಬದುಕಿ ಬಂದೋರು. ಆ ಕ್ಯಾಪ್ಷನ್‌ಗೆ ವೀಣೆ ಪಾಠ ಹೇಳೋ ನಿಮ್ಮ ಪ್ರಶ್ನೆ: “ಕಚೇರಿ ನಡೀತಿತ್ತು ಅಂದ್ಮೇಲೆ ಅದೆಂಥ ಕ್ಯಾಂಪು? ಸಂಗೀತ ಕಾಪಾಡೋದಾದ್ರೆ ಸತ್ತೋರಿಗೆ ಸಂಗೀತ ಬರ್ತಿರ್ಲಿಲ್ವಾ?”

ಬರ್ತಿತ್ತು ಮೇಡಂ. ಚೆನ್ನಾಗೇ ಬರ್ತಿತ್ತು. ವಿಕ್ಟರ್ ಉಲ್ಮನ್, ಹನ್ಸ್ ಕ್ರಾಸಾ, ಪಾವೆಲ್ ಹಾಸ್, ಗಿಡಿಯೋನ್ ಕ್ಲೈನ್, ಈ ನಾಲ್ಕೂ ಜನ ಆಲಿಸ್ ಇದ್ದ ಅದೇ ಟೆರೆಜೀನ್ ಕ್ಯಾಂಪಲ್ಲಿ ಕೂತು ಹೊಸ ಸಂಗೀತ ಬರೀತಿದ್ದೋರು, 1944ರ ಅಕ್ಟೋಬರ್ 16ರಂದು ನಾಲ್ಕೂ ಜನರನ್ನ, ನಾಜಿಗಳು ಜನರನ್ನ ಗುಂಪುಗುಂಪಾಗಿ ಕೊಲ್ತಿದ್ದ ಆಶ್‌ವಿಟ್ಸ್ ಕ್ಯಾಂಪಿನ ರೈಲಿಗೆ ಹತ್ತಿಸಿದ್ರು. ಮೊದಲ ಮೂವರನ್ನ ಅಲ್ಲಿ ಗ್ಯಾಸ್ ಚೇಂಬರಲ್ಲಿ ಕೊಂದ್ರು. ಕ್ಲೈನ್‌ಗೆ ಇನ್ನೂ 25 ವರ್ಷ, ಅವನು 1945ರ ಜನವರಿಯಲ್ಲಿ ಇನ್ನೊಂದು ಕ್ಯಾಂಪಲ್ಲಿ ಸತ್ತ. ಹಾಗಾಗಿ ಆ ಕ್ಯಾಪ್ಷನ್ ನನಗೆ ಒಪ್ಪಿಗೆ ಇಲ್ಲ.

ಇನ್ನು ಅದೆಂಥ ಕ್ಯಾಂಪು ಅಂದ್ರೆ, ಈಗಿನ ಚೆಕ್ ದೇಶದ ಪ್ರಾಗ್ ಹತ್ರದ ಒಂದು ಹಳೇ ಕೋಟೆ ಊರು, ಜರ್ಮನ್ನರು ಅದನ್ನ ಥೆರೇಸಿಯೆನ್‌ಶ್ಟಾಟ್ ಅಂತಿದ್ರು. ಸುಮಾರು 1.4 ಲಕ್ಷ ಯಹೂದಿಗಳನ್ನ ಅಲ್ಲಿಗೆ ತಂದು ತುಂಬಿದ್ರು, ಹಸಿವು, ರೋಗ ಅಂತ ಅಲ್ಲೇ 33,000 ಜನ ಸತ್ರು, ಹತ್ರಹತ್ರ 88,000 ಜನರನ್ನ ಅಲ್ಲಿಂದ ಪೂರ್ವದ ಕಡೆಯ ಕ್ಯಾಂಪುಗಳಿಗೆ ಸಾಗಿಸಿದ್ರು. 1944ರ ಜೂನ್ 23ಕ್ಕೆ ರೆಡ್ ಕ್ರಾಸ್‌ನೋರು ನೋಡೋಕೆ ಬರ್ತಾರೆ ಅಂತ ಗೋಡೆಗೆ ಬಣ್ಣ ಹೊಡ್ಸಿದ್ರು, ಹೂಗಿಡ ನೆಡ್ಸಿದ್ರು, ಊರು ಕಿಕ್ಕಿರಿದು ಕಾಣ್ಬಾರ್ದು ಅಂತ ಮೇ ತಿಂಗಳಲ್ಲೇ 7,500 ಜನರನ್ನ ಆಶ್‌ವಿಟ್ಸ್‌ಗೆ ಕಳ್ಸಿಬಿಟ್ಟಿದ್ರು. ಬಂದೋರಿಗೆ ಕ್ರಾಸಾನ ಮಕ್ಕಳ ಆಪೆರಾ, ಅಂದ್ರೆ ಹಾಡಿನ ನಾಟಕ, ‘ಬ್ರುಂಡಿಬಾರ್’ ತೋರ್ಸಿದ್ರು. ಕ್ಯಾಂಪಲ್ಲಿ 55 ಸಲ ಆಡಿದ ಆ ಆಪೆರಾದಲ್ಲಿ ಆಲಿಸ್ ಮಗ ಗುಬ್ಬಚ್ಚಿ ಪಾರ್ಟು ಮಾಡ್ತಿದ್ದ. ನಾಜಿಗಳಿಗೆ ಅದು ಲೋಕದ ಕಣ್ಣಿಗೆ ಮಣ್ಣೆರಚೋ ಆಟ, ಸರಿ. ಆದ್ರೆ ಒಳಗಿದ್ದೋರು, ಕಾಯಿಲೆ ಬಿದ್ದ ಮುದುಕ್ರು, ಹೊಟ್ಟೆಗಿಲ್ಲದೋರು, ಕಷ್ಟಪಟ್ಟು ಬಂದು ಕೂತು ಕೇಳ್ತಿದ್ರಲ್ಲ, ಅದನ್ನ ಆಟ ಅನ್ನೋಕೆ ನನಗೆ ಬಾಯಿ ಬರಲ್ಲ. ಆಲಿಸ್ ಅಲ್ಲಿ ನೂರಕ್ಕೂ ಹೆಚ್ಚು ಕಚೇರಿ ಕೊಟ್ರು.

ಅವರು ಕ್ಯಾಂಪಿಗೆ ಹೋಗೋಕೆ ಮುಂಚಿನ ಒಂದು ವರ್ಷ ಇದ್ಯಲ್ಲ, ನನಗೆ ಅದೇ ಮುಖ್ಯ ಅನ್ಸುತ್ತೆ, ನೀವೂ ಸಾಧಕ ಮಾಡೋರು, ಅರ್ಥ ಆಗುತ್ತೆ. 1942ರಲ್ಲಿ ಅವರ ವಯಸ್ಸಾದ ತಾಯೀನ ಕರ್ಕೊಂಡು ಹೋದ್ರು, ಆಕೆ ವಾಪಸ್ ಬರ್ಲೇ ಇಲ್ಲ. ಆಲಿಸ್‌ಗೆ ಏನೂ ತೋಚದೇ ಹೋಯ್ತು, ಗಂಡ, ಡಾಕ್ಟ್ರು, ಮಗು ಯಾರಿಂದ್ಲೂ ಸಮಾಧಾನ ಆಗ್ಲಿಲ್ಲ. ಆಗ ಶೋಪ್ಯಾ ಅನ್ನೋ ಸಂಗೀತಗಾರನ ಎಟ್ಯೂಡ್‌ಗಳನ್ನ, ಅಂದ್ರೆ ಪಿಯಾನೋ ಅಭ್ಯಾಸದ ಕೃತಿಗಳನ್ನ, ಹಿಡ್ಕೊಂಡು ಕೂತ್ರು, ಹನ್ನೆರಡರ ಎರಡು ಸೆಟ್ಟು, ಒಟ್ಟು 24, ಪಿಯಾನೋದವರು ಹೆದರೋ ಅಂಥ ಕೃತಿಗಳು, ದಿನಾ ಗಂಟೆಗಟ್ಲೆ ನುಡಿಸಿ ಎಲ್ಲಾನೂ ಬಾಯಿಪಾಠ ಮಾಡ್ಕೊಂಡ್ರು. 1943ರಲ್ಲಿ ಕ್ಯಾಂಪಿಗೆ ಹೊರಡೋ ಹಿಂದಿನ ರಾತ್ರಿ ಅಕ್ಕಪಕ್ಕದೋರು ಮನೆಗೆ ಬಂದು ಸಿಕ್ಕಿದ್ದನ್ನೆಲ್ಲ ಎತ್ಕೊಂಡು ಹೋದ್ರಂತೆ, ಮೇಲಿನ ಮನೆಯ ನಾಜಿ ಒಬ್ಬ ಮಾತ್ರ ಬಂದು, ಇಷ್ಟು ದಿನ ನೀವು ನುಡಿಸಿದ್ದಕ್ಕೆ ಥ್ಯಾಂಕ್ಸ್, ಸುಖವಾಗಿ ವಾಪಸ್ ಬನ್ನಿ ಅಂದನಂತೆ. ಇದು ಅವರೇ ಹೇಳ್ಕೊಂಡಿರೋದು. ಇದನ್ನ ಓದಿದಾಗ್ಲೆಲ್ಲ ಆ ನಾಜಿ ಮೇಲೆ ನನಗೆ ಪ್ರೀತಿ ಏನೂ ಹುಟ್ಟಲ್ಲ, ಥ್ಯಾಂಕ್ಸ್ ಹೇಳಿ ವಾಪಸ್ ಮೇಲೆ ಹೋಗಿ ಮಲಗಿದ ಅಷ್ಟೇ ತಾನೆ.

ಹಾಗಾದ್ರೆ ಬದುಕಿದ್ದು ಹೇಗೆ? ಅವರು ಹೇಳ್ತಿದ್ದ ಪ್ರಕಾರ ಗಂಡ ಲೆಯೊಪೋಲ್ಡ್ ಅಂದ ಒಂದು ಮಾತು. 1944ರ ಸೆಪ್ಟೆಂಬರಲ್ಲಿ ಅವರನ್ನ ಆಶ್‌ವಿಟ್ಸ್‌ಗೆ ಸಾಗಿಸಿದ್ರು, ಹೋಗೋವಾಗ ಹೆಂಡ್ತಿ ಹತ್ರ, ಏನೇ ಆಗ್ಲಿ, ನೀನಾಗಿ ನೀನು ಯಾವುದಕ್ಕೂ ಮುಂದೆ ಹೋಗ್ಬೇಡ ಅಂತ ಭಾಷೆ ತಗೊಂಡ್ರು. ಸ್ವಲ್ಪ ದಿನಕ್ಕೇ, ಗಂಡಂದಿರ ಹಿಂದೆ ಹೋಗೋ ಹೆಂಗಸ್ರು ಹೋಗ್ಬಹುದು ಅಂತ ಅನೌನ್ಸ್ ಆಯ್ತು. ತುಂಬ ಜನ ಹೋದ್ರು. ಆಲಿಸ್ ಮಗನ್ನ ಹಿಡ್ಕೊಂಡು ಉಳ್ಕೊಂಡ್ರು. ಲೆಯೊಪೋಲ್ಡ್ 1945ರಲ್ಲಿ ದಾಖಾವ್ ಕ್ಯಾಂಪಲ್ಲಿ ತೀರ್ಕೊಂಡ್ರು. ಗಂಡನ ಮಾತು, ಜೊತೆಗೆ ಒಂದಿಷ್ಟು ಅದೃಷ್ಟ, ನಾನಂತೂ ಇಷ್ಟೇ ಹೇಳೋದು. ಸಂಗೀತ ಇದ್ದಿದ್ದಕ್ಕೆ ಆ ದಿನಗಳನ್ನ ತಳ್ಳೋಕಾಯ್ತು ಅನ್ನಿ, ಒಪ್ತೀನಿ, ಪ್ರಾಣ ಉಳೀತು ಅಂದ್ರೆ ಉಲ್ಮನ್‌ಗೆ ಏನ್ ಹೇಳೋದು?

ಆಮೇಲಿನ ಕಥೆ ಉದ್ದ ಇದೆ, ಯಾಕಂದ್ರೆ ಆಯಸ್ಸೇ ಅಷ್ಟು. 1949ಕ್ಕೆ ಇಸ್ರೇಲ್, ಜೆರುಸಲೇಮಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಪಿಯಾನೋ ಪಾಠ, 1986ರಲ್ಲಿ ಮಗನ ಹತ್ರ ಇರೋಣ ಅಂತ ಲಂಡನ್. ಗುಬ್ಬಚ್ಚಿ ಪಾರ್ಟಿನ ಆ ಹುಡುಗ ರಫಾಯೆಲ್ ಅಂತ ಹೆಸರು ಬದಲಾಯಿಸ್ಕೊಂಡು ಒಳ್ಳೇ ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕ ಆಗಿದ್ದ, 2001ರಲ್ಲಿ ಟೂರ್‌ಗೆ ಹೋದಾಗ ಇದ್ದಕ್ಕಿದ್ದಂಗೆ ಹೋಗ್ಬಿಟ್ಟ. ತಾಯಿಗೆ ಆಗ 97. ಅದಾದ್ಮೇಲೂ ದಿನಾ ಸಾಧಕ ಬಿಡ್ಲಿಲ್ಲ, ಎರಡು ಬೆರಳು ಮರಗಟ್ಟಿದ್ವು, ಉಳಿದ ಎಂಟರಲ್ಲೇ ನುಡಿಸ್ತಿದ್ರು. 2014ರ ಫೆಬ್ರವರಿ 23ಕ್ಕೆ 110ನೇ ವಯಸ್ಸಲ್ಲಿ ತೀರ್ಕೊಂಡ್ರು. ವಾರಕ್ಕೆ ಅವರ ಮೇಲಿನ ಕಿರುಚಿತ್ರಕ್ಕೆ ಆಸ್ಕರ್ ಬಂತು.

ಕೊನೇಲಿ, ನಮ್ಮ ದೇಶಕ್ಕೂ ಇಂಥೋರು ಯಾರಾದ್ರೂ ಬಂದಿದ್ರಾ ಅಂತ ಕೇಳಿದ್ದೀರಿ. ಪ್ರಾಗ್‌ನಲ್ಲೇ ಓದಿದ ಯಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ ಹಿಟ್ಲರ್ ಬಂದ್ಮೇಲೆ, 1934ರಲ್ಲಿ ಬಾಂಬೆಗೆ ಬಂದು ಹನ್ನೆರಡು ವರ್ಷ ಇದ್ರು, ರೇಡಿಯೋದಲ್ಲಿ ಕೆಲ್ಸ ಮಾಡಿದ್ರು. ಆಕಾಶವಾಣಿಯ ಸಿಗ್ನೇಚರ್ ಟ್ಯೂನ್ ಅವರದ್ದೇ ಅಂತ ಹೇಳ್ತಾರೆ. ಮುಂದೆ ಅಮೆರಿಕಕ್ಕೆ ಹೋಗಿ ದಕ್ಷಿಣ ಭಾರತದ ರಾಗಗಳ ಮೇಲೆ ಇಂಗ್ಲಿಷಲ್ಲಿ ದೊಡ್ಡ ಪುಸ್ತಕಾನೂ ಬರೆದ್ರು, ಲೈಬ್ರರಿಯಲ್ಲಿ ಸಿಕ್ರೆ ನೋಡಿ, ನಿಮ್ಮ ಪಾಠಕ್ಕೂ ಆಗ್ಬಹುದು.

— ಸಂ.