ತಾಮ್ರಕ್ಕೆ ಹೋದ ಎಲೆಕ್ಟ್ರಾನ್ ವಾಪಸ್ ಬರುತ್ತದಾ?

ಪ್ರಶ್ನೆ: ನಾನು ಮೂಡಿಗೆರೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಡೇನಿಯಲ್ ಕೋಶದಲ್ಲಿ (ಸತು, ತಾಮ್ರದ ಪಟ್ಟಿಗಳ ಸರಳ ಬ್ಯಾಟರಿ) ಎಲೆಕ್ಟ್ರಾನ್ ಸತುವಿನಿಂದ ತಾಮ್ರಕ್ಕೆ, ಕರೆಂಟ್ ಮಾತ್ರ ತಾಮ್ರದಿಂದ ಸತುವಿಗೆ ಅಂತಾರೆ. ತಾಮ್ರಕ್ಕೆ ಹೋದ ಎಲೆಕ್ಟ್ರಾನ್ ದ್ರಾವಣದಲ್ಲಿ ಈಜಿಕೊಂಡು ವಾಪಸ್ ಬರುತ್ತದಾ? ಮನೆಯ ಯುಪಿಎಸ್ ಬ್ಯಾಟರಿ ಚಾರ್ಜ್ ಆಗುವಾಗ ಆನೋಡ್ ಯಾವುದು?

ಉತ್ತರ: ಇಲ್ಲ, ಬರುವುದಿಲ್ಲ. ಈ ದ್ರಾವಣದಲ್ಲಿ ಎಲೆಕ್ಟ್ರಾನ್ ಬಿಡಿಯಾಗಿ ಓಡಾಡುವುದೇ ಇಲ್ಲ. ಅದರ ಓಡಾಟವೆಲ್ಲ ಲೋಹದಲ್ಲಿ. ಎಷ್ಟೋ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಕಡೆ ಕಾಫಿ ತೋಟಕ್ಕೆ ಬೋರ್ಡೋ (ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ದ್ರಾವಣ) ಹೊಡೆಯಲು ಮೈಲುತುತ್ತ ತಂದಿಟ್ಟಿರುತ್ತಾರೆ, ಅಲ್ವಾ? ಅದೇ ತಾಮ್ರದ ಸಲ್ಫೇಟ್. (ವಿಷ, ಮುಟ್ಟಿದರೆ ಕೈ ತೊಳೆಯಿರಿ.) ಅದರ ನೀಲಿ ನೀರಿನಲ್ಲಿ ತಾಮ್ರದ ಪಟ್ಟಿ, ಸತುವಿನ ಸಲ್ಫೇಟ್ ನೀರಿನಲ್ಲಿ ಸತುವಿನ ಪಟ್ಟಿ, ನಡುವೆ ಲವಣ ಸೇತುವೆ, ಅಂದರೆ ಲವಣದ ದ್ರಾವಣ ತುಂಬಿದ ಕೊಳವೆ. ತಂತಿ ಜೋಡಿಸಿದರೆ ಸತುವಿನ ಪರಮಾಣು ತನ್ನ ಎರಡು ಎಲೆಕ್ಟ್ರಾನ್‌ಗಳನ್ನು ಪಟ್ಟಿಯಲ್ಲೇ ಬಿಟ್ಟು, ಅಯಾನಾಗಿ (ಇಲ್ಲಿ ಧನ ಚಾರ್ಜಿನ ಕಣವಾಗಿ) ನೀರಿಗಿಳಿಯುತ್ತದೆ. ಆ ಎಲೆಕ್ಟ್ರಾನ್‌ಗಳು ತಂತಿಯಲ್ಲಿ ತಾಮ್ರದತ್ತ ಸಾಗುತ್ತವೆ. ಅಲ್ಲಿ ನೀಲಿ ನೀರಿನ ತಾಮ್ರದ ಅಯಾನು ಎರಡು ಎಲೆಕ್ಟ್ರಾನ್ ಪಡೆದು, ಲೋಹವಾಗಿ ಪಟ್ಟಿಗೆ ಅಂಟುತ್ತದೆ. ಎಲೆಕ್ಟ್ರಾನ್ ಅಲ್ಲೇ ಉಳಿಯಿತು. ಕೆಲವು ಗಂಟೆ ಬಿಟ್ಟು ನೋಡಿ: ಸತು ಸವೆದಿರುತ್ತದೆ, ತಾಮ್ರದ ಮೇಲೆ ಕೆಂಗಂದು ಪದರ ಕೂತಿರುತ್ತದೆ, ನೀಲಿ ಬಣ್ಣ ತಿಳಿಯಾಗುತ್ತಾ ಬಂದಿರುತ್ತದೆ.

ದ್ರಾವಣದೊಳಗೆ ಚಾರ್ಜ್ ಹೊರುವುದು ಅಯಾನುಗಳು. ಸತುವಿನ ಕಡೆ ಧನ ಅಯಾನು ಜಾಸ್ತಿಯಾದಂತೆ ಸೇತುವೆಯ ಋಣ ಅಯಾನುಗಳು ಅತ್ತ ಸರಿಯುತ್ತವೆ, ಧನ ಅಯಾನುಗಳು ತಾಮ್ರದ ಕಡೆ ಸರಿಯುತ್ತವೆ. ಸೇತುವೆ ಎತ್ತಿಬಿಟ್ಟರೆ ಕರೆಂಟ್ ನಿಂತೇಹೋಗುತ್ತದೆ.

ಇನ್ನು ಕರೆಂಟಿನ ದಿಕ್ಕು. ಧನ ಚಾರ್ಜ್ ಹರಿಯುವ ಕಡೆಗೇ ಕರೆಂಟ್ ಎಂಬ ರೂಢಿ ಮೊದಲೇ ಬಂದಿತ್ತು. ಜೆ.ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದದ್ದು 1897ರಲ್ಲಿ. ಅದು ಋಣ ಚಾರ್ಜಿನದು ಎಂದು ತಿಳಿದ ಮೇಲೂ ರೂಢಿ ಹಾಗೇ ಉಳಿಯಿತು. ಅದಕ್ಕೇ ತಂತಿಯಲ್ಲಿ ಕರೆಂಟ್ ತಾಮ್ರದಿಂದ ಸತುವಿಗೆ. ದ್ರಾವಣದಲ್ಲಿ ಸತುವಿನಿಂದ ತಾಮ್ರಕ್ಕೆ. ಸುತ್ತು ಪೂರ್ತಿಯಾಯಿತು.

ಯುಪಿಎಸ್ ವಿಷಯ. ಪ್ಲಸ್, ಮೈನಸ್ ನೋಡಿ ಆನೋಡ್ ಗುರುತಿಸಬೇಡಿ. ಉತ್ಕರ್ಷಣ, ಅಂದರೆ ಎಲೆಕ್ಟ್ರಾನ್ ಬಿಟ್ಟುಕೊಡುವುದು, ಎಲ್ಲಿ ನಡೆಯುತ್ತದೋ ಅದೇ ಆನೋಡ್. ಮಳೆಗಾಲದಲ್ಲಿ ಕರೆಂಟ್ ಹೋಗಿ ಬ್ಯಾಟರಿಯಿಂದ ಬಲ್ಬ್ ಉರಿಯುವಾಗ ಮೈನಸ್ ಕಡೆಯ ಸೀಸದ ಪ್ಲೇಟು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಆಗ ಅದು ಆನೋಡ್. ಚಾರ್ಜ್ ಆಗುವಾಗ ಪ್ಲಸ್ ಕಡೆಯ ಪ್ಲೇಟಿನಲ್ಲಿ ಸೀಸದ ಸಲ್ಫೇಟ್ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಮತ್ತೆ ಸೀಸದ ಡೈಆಕ್ಸೈಡ್ ಆಗುತ್ತದೆ, ಆಗ ಅದೇ ಆನೋಡ್. ಬ್ಯಾಟರಿ ಮೇಲಿನ ಪ್ಲಸ್, ಮೈನಸ್ ಗುರುತು ಮಾತ್ರ ಎರಡೂ ಹೊತ್ತಿನಲ್ಲಿ ಅದೇ.