ಏಳನೇ ಕ್ಲಾಸಿನಲ್ಲಿ ಮಾತು ನಿಂತ ಸ್ಪ್ಯಾನಿಷ್ ಮಿಸ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿ ನನ್ನ ಬಳಿ ಬಂದವರು ಬೆಂಗಳೂರಿನ ಒಂದು ಖಾಸಗಿ ಶಾಲೆಯ ಶಿಕ್ಷಕಿ. ಮೂರರಿಂದ ಏಳನೇ ಕ್ಲಾಸಿನವರೆಗೆ ಸ್ಪ್ಯಾನಿಷ್ ಕಲಿಸುತ್ತಾರೆ. ಸ್ಪ್ಯಾನಿಷ್ ಭಾಷೆಯ ಡೆಲೆ ಪರೀಕ್ಷೆಯಲ್ಲಿ ಬಿ2 ಎಂಬ ಮೇಲ್ಮಧ್ಯಮ ಹಂತ ಪಾಸಾಗಿದ್ದಾರೆ, ಪಾಠದ ತಯಾರಿಯಲ್ಲೂ ಕೊರತೆಯಿಲ್ಲ. ಆದರೂ ಭಾನುವಾರ ಸಂಜೆಯಾದರೆ ಹೊಟ್ಟೆ ತೊಳೆಸುತ್ತದಂತೆ. "ಕೆಲಸ ಬಿಟ್ಟುಬಿಡ್ತೀನಿ" ಅಂದರು.

ಮೂರನೇ ಕ್ಲಾಸಿನ ಮಾತು ಬಂದಾಗ ಮಾತ್ರ ಮುಖ ಅರಳಿತು. ಹಾರಿ, ಕೂತ್ಕೊಳ್ಳಿ, ಮೂಗು ಮುಟ್ಟಿ ಎಂದು ಸ್ಪ್ಯಾನಿಷ್‌ನಲ್ಲಿ ಹೇಳಿದರೆ ಮಕ್ಕಳು ಹಾಗೇ ಮಾಡಿ ತೋರಿಸುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಷರ್ 1960ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಮೊದಲು ಕಿವಿ ಮತ್ತು ಮೈ, ಬಾಯಿ ಆಮೇಲೆ.

ತೊಂದರೆ ಏಳನೇ ಕ್ಲಾಸಿನದು. ಟೆಕ್ಸಾಸ್‌ನಲ್ಲಿ ಓದಿ ಬಂದ ಹುಡುಗನೊಬ್ಬ ಸೇರಿದ. ಇವರು 'ಗ್ರಾಥಿಯಾಸ್' (ಧನ್ಯವಾದ) ಅಂದಾಗ ಅವನು, "ಮಿಸ್, ಅದು ಗ್ರಾಸಿಯಾಸ್" ಅಂದ. ಕ್ಲಾಸೆಲ್ಲ ನಕ್ಕಿತು. ಅಂದಿನಿಂದ ಇವರು ಅಲ್ಲಿ ಸ್ಪ್ಯಾನಿಷ್ ಮಾತಾಡುವುದನ್ನೇ ಬಿಟ್ಟರು. ಬೋರ್ಡಿನ ಮೇಲೆ ವ್ಯಾಕರಣ, ಇಂಗ್ಲಿಷಿನಲ್ಲಿ ವಿವರಣೆ. ಮಕ್ಕಳೂ ಬಾಯಿ ಬಿಡುವುದಿಲ್ಲ. "ನನ್ನ ಕಂಡರೆ ತಾತ್ಸಾರ" ಎನ್ನುವುದು ಇವರ ನಂಬಿಕೆ.

ನನಗೆ ಸ್ಪ್ಯಾನಿಷ್ ಬರುವುದಿಲ್ಲ. ಯಾರ ಉಚ್ಚಾರ ಸರಿ ಎಂದು ಕೇಳಿದೆ. ಎರಡೂ ಸರಿಯಂತೆ. ಸ್ಪೇನಿನ ಬಹುಭಾಗದಲ್ಲಿ ಇವರ ಹಾಗೆ, ಲ್ಯಾಟಿನ್ ಅಮೆರಿಕದಲ್ಲಿ ಅವನ ಹಾಗೆ. "ಧಾರವಾಡದವರು ಮಂಗಳೂರಿನ ಕ್ಲಾಸಲ್ಲಿ ಕೂತ ಹಾಗಾಯ್ತು, ಅಲ್ವಾ?" ಅಂದೆ. ನಕ್ಕರು.

ನನಗೆ ಅದು ತಾತ್ಸಾರ ಅನ್ನಿಸಲಿಲ್ಲ. ಹನ್ನೆರಡು ವರ್ಷದವರಿಗೆ ಗೆಳೆಯರ ಮುಂದೆ ನಗೆಪಾಟಲಾಗುವುದಕ್ಕಿಂತ ದೊಡ್ಡ ಭಯವಿಲ್ಲ. ಮಿಸ್ಸನ್ನೇ ನೋಡಿ ನಕ್ಕ ಕ್ಲಾಸಿನಲ್ಲಿ ಯಾವ ಮಗು ಬಾಯಿ ತೆರೆದೀತು?

ಎರಡು ಉಚ್ಚಾರಗಳ ವಿಷಯವನ್ನು ಕ್ಲಾಸಿನಲ್ಲೇ ಬಿಚ್ಚಿ ಹೇಳಿ ಎಂದೆ. ಲ್ಯಾಟಿನ್ ಅಮೆರಿಕದವರ ಮಾತು ಹೇಗಿರುತ್ತದೆ ಎಂದು ಆ ಹುಡುಗನಿಂದಲೇ ಹೇಳಿಸಬಹುದು, ಆದರೆ ಮೊದಲು ಅವನನ್ನು ಪಕ್ಕಕ್ಕೆ ಕರೆದು ಒಪ್ಪಿಗೆ ಕೇಳಬೇಕು. ಯಾರನ್ನೂ ಒಬ್ಬರನ್ನೇ ಎಬ್ಬಿಸಿ ನಿಲ್ಲಿಸಬೇಡಿ, ಜೋಡಿಯಾಗಿ ಮಾತಾಡಲಿ. ನಡುವೆ ತಡೆದು ತಿದ್ದುವುದೂ ಬೇಡ. ಮಗು 'ನನಗೆ ಮಾವು ಇಷ್ಟ' ಎನ್ನಲು ಹೋಗಿ ತಪ್ಪಾಗಿ 'ಯೋ ಗುಸ್ತೊ ಮಾಂಗೊ' ಅಂದರೆ, 'ಆ, ತೆ ಗುಸ್ತಾ ಎಲ್ ಮಾಂಗೊ?' (ಓ, ನಿನಗೆ ಮಾವು ಇಷ್ಟಾನಾ?) ಎಂದು ಸರಿಯಾದ ರೂಪದಲ್ಲೇ ತಿರುಗಿ ಕೇಳಿದರೆ ಸಾಕು. (ಈ ಉದಾಹರಣೆ ಅವರದೇ. ಮಗು ಹೇಳಬೇಕಿದ್ದ 'ಮೆ ಗುಸ್ತಾ' ನಮ್ಮ 'ನನಗೆ ಇಷ್ಟ'ದ ಜಾಡಿನಲ್ಲೇ ಇದೆ. ಇಂಗ್ಲಿಷಿನ 'ಐ ಲೈಕ್' ಮೂಲಕ ಹೋಗಿ ಮಕ್ಕಳು ಸುಮ್ನೆ ಸುತ್ತು ಹಾಕುತ್ತಾರೆ.)

ಭಾನುವಾರ ಇಡೀ ವಾರದ ಪಾಠ ತೆಗೆದು ಕೂರಬೇಡಿ, ಸೋಮವಾರದ ಮೊದಲ ಐದು ನಿಮಿಷದ ಮಾತನ್ನು ಜೋರಾಗಿ ಹೇಳಿಕೊಳ್ಳಿ ಅಂದೆ. ಹೊಟ್ಟೆಯ ತೊಂದರೆ ಮುಂದುವರಿದರೆ ಡಾಕ್ಟರನ್ನು ಕಾಣಬೇಕು. ರಾಜೀನಾಮೆಯ ಯೋಚನೆ ಟರ್ಮ್ ಮುಗಿದ ಮೇಲೆ.

ತಿಂಗಳ ನಂತರ ಬಂದರು. ಹುಡುಗ ಒಪ್ಪಲಿಲ್ಲವಂತೆ, ಇವರೂ ಬಲವಂತ ಮಾಡಲಿಲ್ಲ. ಜೋಡಿ ಮಾತು ಶುರುವಾಗಿದೆ. ಗಲಾಟೆ ಜಾಸ್ತಿ ಎಂದು ಪಕ್ಕದ ಕ್ಲಾಸಿನ ಟೀಚರ್ ದೂರಿದ್ದಾರೆ. ಭಾನುವಾರದ ಸಂಕಟ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಇನ್ನೆರಡು ಸಲ ಬರಲು ಹೇಳಿದ್ದೇನೆ.